ಇಸಿಜಿಗೆ ಸಾಲು ನಿಂತ ಹಾಸನ, ಬಿಪಿ ಪಟ್ಟಿ ಹಿಡಿದ ಸಿಸ್ಟರ್

2025ರ ಮೇ ಕೊನೆಯಿಂದ ಜುಲೈವರೆಗೆ ಹಾಸನ ಜಿಲ್ಲೆ ದಿನಾ ಸುದ್ದಿಯಲ್ಲಿತ್ತು. ಕಾರಣ ಹೃದಯಾಘಾತ. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೋದರು ಅಂತ ವರದಿಯಾಯಿತು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಕೋವಿಡ್ ಲಸಿಕೆಯಿಂದ ಅಂದರು ಕೆಲವರು, ಊಟದಲ್ಲೇ ಏನೋ ಕೆಟ್ಟಿದೆ ಅಂದರು ಇನ್ನು ಕೆಲವರು. ಹೆದರಿದ ಜನ ಬಸ್ಸು ಹತ್ತಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗೆಯೇ ಸಾಲು ನಿಂತರು. ಎಲ್ಲರಿಗೂ ಒಂದು ಇಸಿಜಿ ಬೇಕಿತ್ತು.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಾಸನದಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಅಂತ ಸಮಿತಿ ಹೇಳಿತು. ಅಲ್ಲಿಗೆ ಗಲಾಟೆ ತಣ್ಣಗಾಯಿತು. ಆದರೆ ಆ ಮಾತಿಗೆ ಇನ್ನೊಂದು ಮಗ್ಗುಲಿದೆ. ಏರಿಲ್ಲ ಅಂದರೆ ಮೊದಲಿಂದಲೂ ಇಷ್ಟೇ ಜನ ಸಾಯುತ್ತಿದ್ದರು, ನಾವು ಲೆಕ್ಕ ಇಟ್ಟಿರಲಿಲ್ಲ ಅಂತ ಅರ್ಥ ಅಲ್ವಾ? ಹೃದಯವನ್ನು ವರ್ಷಗಟ್ಟಲೆ ಸದ್ದಿಲ್ಲದೆ ಸವೆಸುವ ಕಾರಣಗಳ ಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ ಬರುವುದು ಬಿಪಿ. ಜೊತೆಗೆ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು. ಇಸಿಜಿಗೆ ಸಾಲು ನಿಂತ ಎಷ್ಟೋ ಜನರನ್ನು "ಬಿಪಿ ಕೊನೆಗೆ ಯಾವಾಗ ನೋಡಿಸಿದ್ರಿ?" ಅಂತ ಕೇಳಿದ್ದರೆ ನೆನಪು ಮಾಡಿಕೊಳ್ಳುವುದಕ್ಕೇ ಹೊತ್ತು ಬೇಕಾಗುತ್ತಿತ್ತು.

ಎದೆನೋವು ಬಂದ ಮೇಲಿನ ವ್ಯವಸ್ಥೆ ನಮ್ಮಲ್ಲಿ ಸುಧಾರಿಸುತ್ತಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಒಳ್ಳೆಯದು. ಆದರೆ ಅದು ಬೆಂಕಿ ಬಿದ್ದ ಮೇಲಿನ ಕೆಲಸ. ಅದಕ್ಕೂ ಹತ್ತಿಪ್ಪತ್ತು ವರ್ಷ ಮೊದಲಿನ ಕೆಲಸ ಯಾರದು? ಡಾಕ್ಟರದು ಅಂತ ನಾವು ಅಂದುಕೊಂಡಿದ್ದೇವೆ. ಅದರಲ್ಲಿ ಬಹುಪಾಲು ನರ್ಸ್‌ಗಳದು ಅನ್ನುವುದು ನನ್ನ ವಾದ. ಅವರನ್ನು ಆ ಕೆಲಸ ಮಾಡಲು ನಾವು ಬಿಡುತ್ತಿಲ್ಲ ಅನ್ನುವುದೂ ಅದರ ಜೊತೆಗೇ ಸೇರಿದೆ.

ಸೋರಿಕೆ ಎಲ್ಲಿದೆ

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಬಿಪಿ ಬಗ್ಗೆ ದೊಡ್ಡದೊಂದು ವರದಿ ಹೊರತಂದಿತು. ಅದರ ಪ್ರಕಾರ ಭಾರತದಲ್ಲಿ 30ರಿಂದ 79 ವಯಸ್ಸಿನ ಸುಮಾರು 18.8 ಕೋಟಿ ಜನರಿಗೆ ಬಿಪಿ ಇದೆ. ಇವರಲ್ಲಿ ತಮಗೆ ಬಿಪಿ ಇದೆ ಅಂತ ಗೊತ್ತಿರುವವರು ನೂರಕ್ಕೆ 37. ಚಿಕಿತ್ಸೆ ತಗೊಳ್ಳುತ್ತಿರುವವರು 30. ಬಿಪಿ ಹಿಡಿತದಲ್ಲಿರುವವರು 15. ಕರ್ನಾಟಕದ ಕಥೆಯೂ ಸಣ್ಣದೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದು ದಾಟಿದ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಬಿಪಿ ಜಾಸ್ತಿ ಇತ್ತು, ಇಲ್ಲವೇ ಅವರು ಮಾತ್ರೆ ತಗೊಳ್ಳುತ್ತಿದ್ದರು.

37, 30, 15. ಈ ಮೂರು ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ. ಗೊತ್ತಾದವರಲ್ಲಿ ಹೆಚ್ಚಿನವರು ಮಾತ್ರೆ ಶುರು ಮಾಡುತ್ತಾರೆ. ಅಂದರೆ ಡಾಕ್ಟರ್ ಚೀಟಿ ಬರೆಯುವ ಜಾಗದಲ್ಲಿ ಸೋರಿಕೆ ಕಡಿಮೆ. ಸೋರುವುದು ಎರಡು ಕಡೆ. ಒಂದು, ಬಿಪಿ ನೋಡಿಸದೇ ಇರುವ ಕಡೆ. ಇನ್ನೊಂದು, ಮಾತ್ರೆ ಶುರುವಾದ ಮೇಲಿನ ತಿಂಗಳುಗಳಲ್ಲಿ. ಈ ಎರಡೂ ಕಡೆ ನಿಂತಿರುವುದು ಡಾಕ್ಟರಲ್ಲ, ಸಿಸ್ಟರ್.

ಸಿಸ್ಟರ್ ಅಂದರೆ ಯಾರು ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಹಳ್ಳಿಯಲ್ಲಿ ಎಲ್ಲರೂ ನರ್ಸಮ್ಮನೇ. ಸರ್ಕಾರದ ಕಡತದಲ್ಲಿ ಅವರು ಬೇರೆ ಬೇರೆ. ಬಸುರಿ ತಪಾಸಣೆ, ಮಕ್ಕಳ ಲಸಿಕೆ ನೋಡಿಕೊಳ್ಳುವ ಮೊದಲಿನ ಎಎನ್‌ಎಂಗಳು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರ ಆದ ಮೇಲೆ ಅಲ್ಲಿಗೆ ಬಂದವರು ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರೇ. ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ, ಅಂದರೆ ಬಿಪಿ, ಶುಗರ್ ಥರದ ಅಂಟದ ಕಾಯಿಲೆ ನೋಡುವ ಕಡೆ, ಕೂರುವ ಸ್ಟಾಫ್ ನರ್ಸ್ ಮತ್ತೊಬ್ಬರು. ನಿಯಮದ ಪ್ರಕಾರ ಬಯಲುಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ. ಅರಸೀಕೆರೆಯ ಬಯಲಿನಲ್ಲಿ ಐದು ಸಾವಿರ ಜನರನ್ನು ತಲುಪುವುದು, ಮೂಡಿಗೆರೆಯ ಕಾಡಂಚಿನಲ್ಲಿ ಮೂರು ಸಾವಿರ ಜನರನ್ನು ತಲುಪುವುದು ಬೇರೆ ಬೇರೆ ಲೆಕ್ಕ. ಮಳೆಗಾಲದಲ್ಲಂತೂ ಎರಡನೆಯದು ಲೆಕ್ಕಕ್ಕೇ ಸಿಗುವುದಿಲ್ಲ.

ಮೊದಲು ಬಿಪಿ, ಆಮೇಲೆ ಕಾಫಿ

ಬಿಪಿ ನೋಡುವುದು ಸುಲಭದ ಕೆಲಸ ಅಂತ ಎಲ್ಲರೂ ತಿಳಿದಿದ್ದಾರೆ. ಬಟನ್ ಒತ್ತಿದರೆ ಮಷಿನ್ನೇ ಹೇಳುತ್ತದಲ್ಲ? ಸಕಲೇಶಪುರದ ಕಡೆ ಒಂದು ಆರೋಗ್ಯ ಮಂದಿರದಲ್ಲಿ ಬೆಳಗ್ಗೆ ಅರ್ಧ ಗಂಟೆ ಕೂತು ನೋಡಿದರೆ ಅದು ಎಷ್ಟು ಸುಲಭ ಅಂತ ಗೊತ್ತಾಗುತ್ತದೆ. ಅಜ್ಜಿ ಏರು ಹತ್ತಿಕೊಂಡು ಬಂದಿರುತ್ತಾರೆ. ಏದುಸಿರು ಇನ್ನೂ ನಿಂತಿರುವುದಿಲ್ಲ. ಚಳಿ ಅಂತ ಸ್ವೆಟರ್ ಹಾಕಿರುತ್ತಾರೆ, ಬಾಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು. ಬೆನ್ನಿಗೆ ಆನಿಕೆ ಇಲ್ಲದ ಸ್ಟೂಲು, ನೆಲ ಮುಟ್ಟದ ಕಾಲು. ತೋಳಿಗೆ ಬಿಪಿ ಪಟ್ಟಿ ಕಟ್ಟುವಾಗಲೇ ಸೊಸೆಯ ಪುರಾಣ ಶುರು. ಹೀಗೆ ತೆಗೆದ ಮೇಲಿನ ಬಿಪಿ 158 ಬಂದರೆ ಅದರಲ್ಲಿ ಬಿಪಿ ಎಷ್ಟು, ಏರು ಎಷ್ಟು, ಸೊಸೆ ಎಷ್ಟು?

ಸರಿಯಾಗಿ ನೋಡುವ ಸಿಸ್ಟರ್ ಏನು ಮಾಡುತ್ತಾರೆ? ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂರಿಸುತ್ತಾರೆ. ಕಾಲು ನೆಲಕ್ಕೆ ಊರಿರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು. ಸ್ವೆಟರ್ ತೆಗೆಸಿ ಬರೀ ತೋಳಿಗೆ ಪಟ್ಟಿ ಕಟ್ಟಿ, ಕೈಯನ್ನು ಎದೆಮಟ್ಟಕ್ಕೆ ಮೇಜಿನ ಮೇಲೆ ಇಡಿಸುತ್ತಾರೆ. ಒಂದಕ್ಕೆ ಹೋಗಬೇಕಿದ್ದರೆ ಮೊದಲು ಹೋಗಿ ಬನ್ನಿ ಅನ್ನುತ್ತಾರೆ. "ಅಜ್ಜಿ, ಈಗ ಮಾತಾಡ್ಬೇಡಿ, ಆಮೇಲೆ ಎಲ್ಲಾ ಹೇಳಿ." ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಮಾತಾಡುತ್ತಾ ಕೂತರೆ, ಕೈ ಜೋತು ಬಿದ್ದಿದ್ದರೆ, ತೋಳಿಗೆ ಸಾಲದ ಚಿಕ್ಕ ಪಟ್ಟಿ ಕಟ್ಟಿದರೆ ಹತ್ತು ಪಾಯಿಂಟ್‌ವರೆಗೂ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೂ ಏರಬಹುದು. 140 ದಾಟಿದರೆ ಬಿಪಿ, ದಾಟದಿದ್ದರೆ ಇಲ್ಲ ಅನ್ನುವ ಲೆಕ್ಕದಲ್ಲಿ ಹತ್ತು ಪಾಯಿಂಟ್ ಅಂದರೆ ಒಬ್ಬರ ಜೀವನಪೂರ್ತಿ ಮಾತ್ರೆಯ ಪ್ರಶ್ನೆ.

ನಮ್ಮ ಕಡೆಗೆ ಮಾತ್ರ ಅನ್ವಯಿಸುವ ತೊಡಕೂ ಒಂದಿದೆ. ಚಿಕ್ಕಮಗಳೂರು, ಸಕಲೇಶಪುರದ ಮನೆಗಳಲ್ಲಿ ಬಂದವರಿಗೆ ಕಾಫಿ ಕೊಡದೆ ಯಾರೂ ಮಾತು ಶುರು ಮಾಡುವುದಿಲ್ಲ. ಸಿಸ್ಟರ್ ಮನೆಗೆ ಬಂದರೂ ಅಷ್ಟೇ. ಅವರ ಜೊತೆ ಮನೆಯವರೂ ಒಂದು ಲೋಟ ಕುಡಿಯುತ್ತಾರೆ. ಕಾಫಿ, ಬೀಡಿ, ಮೈಮುರಿಯುವ ಕೆಲಸ ಇವುಗಳಾದ ಮೇಲೆ ಅರ್ಧ ಗಂಟೆ ಬಿಟ್ಟು ಬಿಪಿ ನೋಡಬೇಕು ಅನ್ನುವುದು ನಿಯಮ. ಹಾಗಾಗಿ ಮಲೆನಾಡಿನಲ್ಲಿ ಮನೆ ಭೇಟಿಗೆ ಹೋಗುವ ಸಿಸ್ಟರ್ ಮೊದಲು ಹೇಳಬೇಕಾದ ಮಾತು, "ಮೊದ್ಲು ಬಿಪಿ ನೋಡ್ತೀನಿ, ಆಮೇಲೆ ಕಾಫಿ ಕೊಡಿ." ಕಾಫಿಯಿಂದಲೇ ಬಿಪಿ ಬರುತ್ತದೆ ಅಂತ ಹೆದರಬೇಕಿಲ್ಲ. ದಿನಾ ಕುಡಿಯುವವರಲ್ಲಿ ಆ ಏರಿಕೆ ಸಣ್ಣದು, ಸ್ವಲ್ಪ ಹೊತ್ತಿನದು. ಅಳತೆ ಮಾತ್ರ ತಪ್ಪುತ್ತದೆ.

ಇನ್ನು 130ರಿಂದ 139ರ ನಡುವೆ ಬರುವವರು. 140 ದಾಟಿಲ್ಲ ಅಂದರೆ "ನಾರ್ಮಲ್ ಇದೆ, ಹೋಗಿ" ಅನ್ನುವುದು ರೂಢಿ. ತಡೆಯುವ ಕೆಲಸ ಶುರುವಾಗಬೇಕಾದ್ದೇ ಇಲ್ಲಿಂದ. ಇವರಲ್ಲಿ ಹೆಚ್ಚಿನವರಿಗೆ ಮಾತ್ರೆ ಬೇಡ, ಚೀಟಿ ಬೇಡ. ಹಾಗಾಗಿ ಡಾಕ್ಟರಿಗೆ ಇವರಲ್ಲಿ ಆಸಕ್ತಿ ಇರುವುದಿಲ್ಲ. ಮೂವತ್ತೈದರ ಒಬ್ಬ ಆಟೋ ಡ್ರೈವರ್ 136/88 ತೋರಿಸಿದರೆ ಆತನ ಜೊತೆ ಹತ್ತು ನಿಮಿಷ ಕೂತು ಊಟ, ನಿದ್ದೆ, ಕುಡಿತ, ತೂಕ ಇವುಗಳ ಬಗ್ಗೆ ಮಾತಾಡಿ, ಆರು ತಿಂಗಳು ಬಿಟ್ಟು ಮತ್ತೆ ಕರೆಸಬೇಕು. ಇದು ಪೂರ್ತಿ ನರ್ಸಿಂಗ್ ಕೆಲಸ. ಆಗದೆ ಉಳಿಯುವುದೂ ಇದೇ.

ಒಂದು ಕೆಜಿ ಉಪ್ಪು ಎಷ್ಟು ದಿನ ಬರುತ್ತೆ?

"ಉಪ್ಪು ಕಮ್ಮಿ ಮಾಡಿ." ಈ ಮೂರು ಪದದ ಸಲಹೆಯಷ್ಟು ಹೆಚ್ಚು ಸಲ ಹೇಳಿದ ಮತ್ತು ಅಷ್ಟೇ ಕಡಿಮೆ ಪಾಲಿಸಿದ ಮಾತು ಆಸ್ಪತ್ರೆಯಲ್ಲಿ ಇನ್ನೊಂದಿಲ್ಲ. ಕೇಳಿದವರೆಲ್ಲ ತಲೆ ಆಡಿಸಿ "ನಮ್ಮನೇಲಿ ಕಮ್ಮೀನೇ ಹಾಕೋದು" ಅನ್ನುತ್ತಾರೆ. ಎಲ್ಲರ ಮನೆಯ ನಾಲಿಗೆಗೂ ಅವರವರ ಉಪ್ಪು ಕಮ್ಮಿಯೇ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದಷ್ಟು. ನಾವು ಭಾರತೀಯರು ತಿನ್ನುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಆದರೆ ಯಾರೂ ಗ್ರಾಂನಲ್ಲಿ ಅಡುಗೆ ಮಾಡುವುದಿಲ್ಲ. ಚಿಟಿಕೆ, ಹಿಡಿ, ಅಂದಾಜು ಇವೇ ಅಳತೆ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಬೇಕು. "ನಿಮ್ಮನೇಲಿ ಎಷ್ಟು ಜನ? ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬರುತ್ತೆ?" ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ ಹಿಡಿದರೆ ಒಂದು ಕೆಜಿ 50 ದಿನ ಬರಬೇಕು. ತಿಂಗಳಿಗೊಂದು ಪ್ಯಾಕೆಟ್ ಮುಗಿಯುತ್ತಿದ್ದರೆ ಲೆಕ್ಕ ಎದುರಿಗೇ ಇದೆ.

ಈ ಪ್ರಶ್ನೆ ಕೇಳಿದಾಗ ಬರುವ ಉತ್ತರ ಮಜವಾಗಿರುತ್ತದೆ. "ದನಕ್ಕೂ ಅದ್ರಲ್ಲೇ ಹಾಕ್ತೀವಿ ಸಿಸ್ಟರ್, ಬೂಸಾಕ್ಕೆ." ನಿಜ. ಹಾಸನದ ಹಳ್ಳಿಯಲ್ಲಿ ಹಸು ಇಲ್ಲದ ಮನೆ ಕಡಿಮೆ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಕಾಲಿಗೆ ಹತ್ತುವ ಇಂಬಳಕ್ಕೂ ಉಪ್ಪೇ ಬೇಕು. ಉಪ್ಪಿನಕಾಯಿಗೆ ಬೇರೆ ಕಲ್ಲುಪ್ಪು ತಂದಿರುತ್ತಾರೆ, ಅದು ಈ ಲೆಕ್ಕಕ್ಕೆ ಬಂದಿರುವುದೇ ಇಲ್ಲ. ಇದನ್ನೆಲ್ಲ ಕೂಡಿ ಕಳೆಯಲು ಆ ಊರಿನ ಅಡುಗೆಮನೆ, ಕೊಟ್ಟಿಗೆ ಎರಡೂ ಗೊತ್ತಿರುವವರು ಬೇಕು. ಐದು ನಿಮಿಷಕ್ಕೊಬ್ಬರನ್ನು ನೋಡುವ ಡಾಕ್ಟರಿಗೆ ಇದು ಆಗದ ಮಾತು.

ಆಮೇಲೆ ಪ್ರತಿ ತಾಲೂಕಿನ ಉಪ್ಪೂ ಬೇರೆ ಬೇರೆ ಕಡೆ ಅಡಗಿದೆ. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಮುದ್ದೆಯಲ್ಲಿ ಉಪ್ಪು ಇಲ್ಲವೇ ಇಲ್ಲ ಅನ್ನಬಹುದು. ಉಪ್ಪಿರುವುದು ಉಪ್ಸಾರಿನಲ್ಲಿ, ಅದರ ಖಾರದಲ್ಲಿ. ಶೃಂಗೇರಿ, ಕೊಪ್ಪದ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಕಾಫಿ ತೋಟದ ಕೂಲಿಯವರಿರುವ ಎಸ್ಟೇಟ್ ಲೈನುಗಳಲ್ಲಿ ಘಟ್ಟದ ಕೆಳಗಿಂದ ಸಂತೆಗೆ ಬರುವ ಒಣಮೀನು. ಗಂಜಿಗೆ ಒಂದು ತುಂಡು ಒಣಮೀನು ಇದ್ದರೆ ಪಲ್ಯದ ಖರ್ಚು ಉಳಿಯಿತು. ಇವರಿಗೆ ಹೋಗಿ "ಹಣ್ಣು ತರಕಾರಿ ಜಾಸ್ತಿ ತಿನ್ನಿ" ಅನ್ನುವುದು ಸುಮ್ನೆ ಬಾಯಿ ಮಾತು. ಒಣಮೀನನ್ನು ಎರಡು ಮೂರು ಸಲ ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ, ಅದರ ಸಾರಿಗೆ ಬೇರೆ ಉಪ್ಪು ಹಾಕಬೇಡಿ ಅಂದರೆ ಅದು ಆಗುವ ಮಾತು. ಮಜ್ಜಿಗೆಗೆ ಉಪ್ಪು ಬಿಡಿ, ಅನ್ನ ಬೇಯಿಸುವಾಗ ಬಿಡಿ, ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಪಕ್ಕಕ್ಕೆ ಇಟ್ಟುಕೊಳ್ಳಬೇಡಿ. ಒಂದು ಭೇಟಿಗೆ ಒಂದೇ ಮಾತು ಸಾಕು. ಬೇಕರಿಯನ್ನೂ ಮರೆಯುವ ಹಾಗಿಲ್ಲ. ಬೆಂಗಳೂರಿಗೆಲ್ಲ ಅಯ್ಯಂಗಾರ್ ಬೇಕರಿ ಕೊಟ್ಟ ಜಿಲ್ಲೆ ನಮ್ಮದು. ಸಂಜೆಯ ಖಾರಾ ಬನ್ನು, ನಿಪ್ಪಟ್ಟು, ಖಾರಾ ಬಿಸ್ಕತ್ತಿನ ಉಪ್ಪು ಯಾವ ಪ್ಯಾಕೆಟ್ಟಿನ ಲೆಕ್ಕಕ್ಕೂ ಸಿಗುವುದಿಲ್ಲ.

ಸಿಸ್ಟರ್ ಮನೆಗೆ ಹೋಗುವುದರ ದೊಡ್ಡ ಲಾಭ ಇರುವುದು ಇಲ್ಲಿ. ಬಿಪಿ ಇರುವುದು ಅತ್ತೆಗೆ, ಅಡುಗೆ ಮಾಡುವುದು ಸೊಸೆ. ಆಸ್ಪತ್ರೆಯಲ್ಲಿ ಸಲಹೆ ಸಿಗುವುದು ಅತ್ತೆಗೆ ಮಾತ್ರ. ಅದನ್ನು ಮನೆಗೆ ಬಂದು ಅತ್ತೆ ಹೇಳಿದರೆ ಅದು ವೈದ್ಯಕೀಯ ಸಲಹೆಯಾಗಿ ಉಳಿಯುವುದಿಲ್ಲ, ಅತ್ತೆಯ ಕಿರಿಕಿರಿ ಆಗುತ್ತದೆ. ಸಿಸ್ಟರ್ ಒಲೆಯ ಹತ್ತಿರ ನಿಂತು ಇಬ್ಬರಿಗೂ ಒಟ್ಟಿಗೆ ಹೇಳಿದರೆ ಮಾತಿನ ತೂಕವೇ ಬೇರೆ. ಒಂದು ಮನೆಯ ಪಾತ್ರೆಯಲ್ಲಿ ಉಪ್ಪು ಇಳಿದರೆ ಅತ್ತೆಯ ಬಿಪಿ ಜೊತೆಗೆ ಇನ್ನೂ ಬಿಪಿ ಬಂದಿಲ್ಲದ ಮಗ, ಸೊಸೆ, ಮೊಮ್ಮಕ್ಕಳಿಗೂ ಅದು ತಡೆ. ರೋಗಿಯ ಚಿಕಿತ್ಸೆ ಮತ್ತು ಮನೆಯವರ ತಡೆ ಒಂದೇ ಸಾರಿನಲ್ಲಿ ಆಗುವುದು ಇನ್ನೆಲ್ಲಿ?

ಪೊಟ್ಯಾಸಿಯಂ ಬೆರೆಸಿದ ಉಪ್ಪಿನ ಬಗ್ಗೆಯೂ ಒಂದು ಮಾತು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಮಾಮೂಲಿ ಉಪ್ಪಿನ ಬದಲು ಈ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಗಿತ್ತು. ಆದರೆ ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಇದು ಅಪಾಯ. ಯಾರ ಮನೆಗೆ ಸರಿ, ಯಾರ ಮನೆಗೆ ಬೇಡ ಅಂತ ಡಾಕ್ಟರನ್ನು ಕೇಳಿ ಹೇಳಬೇಕಾದವರೂ ಸಿಸ್ಟರ್ರೇ.

ತಾಯಿ ಕಾರ್ಡಿನಲ್ಲಿ ಉಳಿದು ಹೋದ ಸುಳಿವು

ಬಿಪಿ ತಡೆಯುವ ಮಾತು ಬಂದಾಗ ಯಾರೂ ಎತ್ತದ ಒಂದು ಕಾಗದ ಇದೆ. ತಾಯಿ ಕಾರ್ಡ್. ಗರ್ಭಿಣಿ ಪ್ರತಿ ಸಲ ತಪಾಸಣೆಗೆ ಬಂದಾಗ ಸಿಸ್ಟರ್ ಅದರಲ್ಲಿ ಬಿಪಿ ಬರೆಯುತ್ತಾರೆ. ಐದು ತಿಂಗಳು ಕಳೆದ ಮೇಲೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಲು ಶುರುವಾದರೆ ಅದು ತಾಯಿ ಮಗು ಇಬ್ಬರಿಗೂ ಗಂಡಾಂತರ. ಹಾಗಾಗಿ ಆ ಒಂಬತ್ತು ತಿಂಗಳು ಎಲ್ಲರೂ ಎಚ್ಚರ. ಹೆರಿಗೆ ಸುಸೂತ್ರ ಆಯಿತು, ಬಿಪಿ ಇಳಿಯಿತು, ಎಲ್ಲರಿಗೂ ಸಮಾಧಾನ. ಆಮೇಲೆ ಆ ಕಾರ್ಡು ಮಗುವಿನ ಲಸಿಕೆಗೆ ಮಾತ್ರ ಹೊರಗೆ ಬರುತ್ತದೆ. ಲಸಿಕೆ ಮುಗಿದ ಮೇಲೆ ಬೀರುವಿನೊಳಗೆ ಸೇರುತ್ತದೆ.

ಬಸುರಿಯಲ್ಲಿ ಹೀಗೆ ಬಿಪಿ ಏರಿದ ಹೆಂಗಸರಿಗೆ ಮುಂದೆ ಬಿಪಿ ಬರುವ ಸಾಧ್ಯತೆ ಬೇರೆಯವರಿಗಿಂತ ಎಷ್ಟೋ ಜಾಸ್ತಿ. ಹೃದಯ ಕಾಯಿಲೆ, ಪಾರ್ಶ್ವವಾಯುವಿನ ಸಾಧ್ಯತೆ ಹೆಚ್ಚುಕಡಿಮೆ ಎರಡರಷ್ಟು. ಅಂದರೆ ಇಪ್ಪತ್ತಾರನೇ ವಯಸ್ಸಿನಲ್ಲೇ ದೇಹ ಒಂದು ಮುನ್ಸೂಚನೆ ಕೊಟ್ಟಿದೆ. ಆದರೆ ಸರ್ಕಾರದ ತಪಾಸಣೆ ಶುರುವಾಗುವುದು ಮೂವತ್ತು ದಾಟಿದ ಮೇಲೆ. ಆಗಲೂ ಆಶಾ ಕಾರ್ಯಕರ್ತೆ ತುಂಬುವ ಪಟ್ಟಿಗೂ ಆ ಹಳೆಯ ಕಾರ್ಡಿಗೂ ನಂಟು ಬೀಳುವುದು ಕಷ್ಟ. ಎರಡನ್ನೂ ಜೋಡಿಸಬಲ್ಲವರು ಯಾರು? ಹೆರಿಗೆಗೆ ಮೊದಲು ಬಿಪಿ ಬರೆದ ಕೈಯೇ ಮಗುವಿಗೆ ಲಸಿಕೆ ಹಾಕುತ್ತದೆ. ಮಗು ಒಂಬತ್ತು ತಿಂಗಳ ಲಸಿಕೆಗೆ ಬಂದ ದಿನ ತಾಯಿಯ ತೋಳಿಗೂ ಒಮ್ಮೆ ಪಟ್ಟಿ ಕಟ್ಟಿದರೆ ಆಯಿತು. ಹೊಸ ಯೋಜನೆ ಬೇಡ, ಹೊಸ ಹಣ ಬೇಡ. ಇಷ್ಟು ಅಗ್ಗದ ಕೆಲಸವನ್ನು ನಾವು ಯಾಕೆ ಮಾಡುತ್ತಿಲ್ಲ ಅನ್ನುವುದು ನನಗೆ ಅರ್ಥವಾಗದ ವಿಷಯ.

ಬಟವಾಡೆ ದಿನ, ಡೈರಿ ಹೊತ್ತು

ಮಹಿಳೆಯರು ಹೇಗೋ ಸಿಗುತ್ತಾರೆ. ಗಂಡಸರು ಸಿಗುವುದಿಲ್ಲ. ಆರೋಗ್ಯ ಮಂದಿರ ತೆರೆದಿರುವ ಹೊತ್ತಿಗೆ ಅವರು ಹೊಲದಲ್ಲಿ, ತೋಟದಲ್ಲಿ, ಆಟೋ ಸ್ಟ್ಯಾಂಡಿನಲ್ಲಿ. ಎಸ್ಟೇಟ್ ಕೂಲಿಯವರ ಕಥೆ ಇನ್ನೂ ಕಷ್ಟ. ನವೆಂಬರಿನಿಂದ ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಹಣ್ಣು ಕೊಯ್ಯುವ ನಾಲ್ಕೈದು ತಿಂಗಳು ಅವರು ಬಿಪಿ ನೋಡಿಸಲು ಒಂದು ದಿನದ ಕೂಲಿ ಬಿಡುವುದಿಲ್ಲ. ಈಗೀಗ ತೋಟಗಳಲ್ಲಿ ಅಸ್ಸಾಮಿನಿಂದ ಬಂದವರು ಜಾಸ್ತಿ. ಅವರಿಗೆ ಕನ್ನಡ ಬರುವುದಿಲ್ಲ, ಸಿಸ್ಟರಿಗೆ ಅವರ ಭಾಷೆ ಬರುವುದಿಲ್ಲ. ನಡುವೆ ಇರುವುದು ಮೇಸ್ತ್ರಿಯ ಹರಕು ಹಿಂದಿ.

ಹಾಗಾದರೆ ಅವರಿರುವ ಕಡೆಗೇ ಹೋಗಬೇಕು. ಎಸ್ಟೇಟಿನಲ್ಲಿ ಬಟವಾಡೆ ದಿನ ಎಲ್ಲರೂ ಒಂದು ಕಡೆ ಸೇರುತ್ತಾರೆ. ಸಂಜೆ ಕೊಯ್ದ ಹಣ್ಣು ತೂಕ ಹಾಕುವಾಗಲೂ ಸಾಲಾಗಿ ನಿಂತಿರುತ್ತಾರೆ. ಹಳ್ಳಿಯಲ್ಲಿ ಬೆಳಗ್ಗೆ ಸಂಜೆ ಹಾಲಿನ ಡೈರಿಗೆ ಕ್ಯಾನು ಹಿಡಿದು ಬರದ ಗಂಡಸು ಕಡಿಮೆ. ಹಾಸನ ಹಾಲು ಒಕ್ಕೂಟದ ವ್ಯಾಪ್ತಿ ಚಿಕ್ಕಮಗಳೂರು, ಕೊಡಗಿಗೂ ಇದೆ. ಅಂದರೆ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಊರೂರಲ್ಲಿ ಡೈರಿ ಇದೆ, ಅಲ್ಲಿ ಎಲ್ಲರ ಹೆಸರಿನ ಪಟ್ಟಿಯೂ ಇದೆ. ಅಲ್ಲೊಂದು ಕುರ್ಚಿ, ಮೇಜು ಹಾಕಿ ತಿಂಗಳಿಗೊಂದು ದಿನ ಸಿಸ್ಟರ್ ಕೂತರೆ ಸಾಕು. ಒಂದೇ ತೊಡಕು, ಹಾಲು ಹಾಕುವ ಹೊತ್ತು ಸರ್ಕಾರಿ ಕೆಲಸದ ಹೊತ್ತಲ್ಲ. ಬೆಳಗ್ಗೆ ಆರಕ್ಕೆ ಬಾ ಅಂದ ಮೇಲೆ ಮಧ್ಯಾಹ್ನ ಬೇಗ ಕಳಿಸುವ ಉದಾರತೆಯೂ ಬೇಕು. ಮನೆ ಬಾಗಿಲಿಗೇ ಹೋಗಿ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಬೇರೆ ಜಿಲ್ಲೆಗಳಿಗೂ ಬಂದಿದೆ. ಆದರೆ ಹಗಲು ಹನ್ನೊಂದಕ್ಕೆ ಮನೆ ಬಾಗಿಲಲ್ಲಿ ಸಿಗುವವರು ಮತ್ತೆ ಅದೇ ಅಜ್ಜಿ, ಅದೇ ಸೊಸೆ.

ತೋಟದ ಕೆಲಸದವರಲ್ಲಿ ಸಿಸ್ಟರ್ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. "ಮೈಕೈ ನೋವಿಗೆ ಏನು ಮಾತ್ರೆ ನುಂಗ್ತೀರಿ?" ದಿನವಿಡೀ ಏರು ತಗ್ಗಿನಲ್ಲಿ ಮೂಟೆ ಹೊರುವವರಿಗೆ ಸಂಜೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ ಮಾಮೂಲಿ. ಡೈಕ್ಲೋಫೆನಾಕ್ ಥರದ ಮಾತ್ರೆಗಳು ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ. ಒಂದು ಕಡೆ ಏರಿಸುವ ಮಾತ್ರೆ, ಇನ್ನೊಂದು ಕಡೆ ಇಳಿಸುವ ಮಾತ್ರೆ, ಎರಡೂ ಒಂದೇ ಹೊಟ್ಟೆಗೆ. ಡಾಕ್ಟರ್ ಕೇಳದಿದ್ದರೆ ರೋಗಿ ತಾನಾಗಿ ಹೇಳುವುದಿಲ್ಲ. ಅವರ ದೃಷ್ಟಿಯಲ್ಲಿ ಅದು ಔಷಧಿಯೇ ಅಲ್ಲ.

ಎರಡನೇ ತಿಂಗಳು ಬರದವರು

ಮಾತ್ರೆ ಶುರುವಾದ ಮೇಲಿನ ಕಥೆಗೆ ಬರೋಣ. ಮೊದಲ ತಿಂಗಳು ಎಲ್ಲರೂ ಶ್ರದ್ಧೆಯಿಂದ ತಗೊಳ್ಳುತ್ತಾರೆ. ಬಿಪಿ ಇಳಿಯುತ್ತದೆ. "ನಾರ್ಮಲ್ ಬಂತಲ್ಲ, ಇನ್ಯಾಕೆ?" ಅಂತ ಬಿಡುತ್ತಾರೆ. "ತಲೆ ಸುತ್ತಿಲ್ಲ, ಏನಿಲ್ಲ" ಅನ್ನುವವರು ಇನ್ನೊಂದಿಷ್ಟು. "ಶುರು ಮಾಡಿದ್ರೆ ಜೀವ್ನಪೂರ್ತಿ ಬಿಡೋಕಾಗಲ್ಲ" ಅಂತ ಹೆದರಿ ಶುರುವನ್ನೇ ಮಾಡದವರೂ ಇದ್ದಾರೆ. ಇವರಲ್ಲಿ ಯಾರೂ ಜಗಳ ಮಾಡಿ ಹೋಗುವುದಿಲ್ಲ. ಸುಮ್ನೆ ಬರುವುದನ್ನು ನಿಲ್ಲಿಸುತ್ತಾರೆ. ಆಸ್ಪತ್ರೆಗೆ ಅದು ಗೊತ್ತಾಗುವುದಿಲ್ಲ, ಯಾಕೆಂದರೆ ಬರದವರನ್ನು ಯಾರೂ ಎಣಿಸುವುದಿಲ್ಲ.

ಎಣಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಇದೆ. 2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರದ ಕೆಲವು ಜಿಲ್ಲೆಗಳಲ್ಲಿ ಮಾಡಿದ್ದು ಸರಳವಾದ ಕೆಲಸ. ಎಲ್ಲ ಕಡೆ ಒಂದೇ ಚಿಕಿತ್ಸಾ ಕ್ರಮ, ತಪ್ಪದೆ ಮಾತ್ರೆ ಪೂರೈಕೆ, ಡಾಕ್ಟರ್ ಜೊತೆ ನರ್ಸ್ ಮತ್ತು ಉಳಿದ ಸಿಬ್ಬಂದಿ ಸೇರಿದ ತಂಡ, ಬರದವರನ್ನು ಹುಡುಕಿ ಕರೆಯುವುದು. 2022ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದ ಹಳ್ಳಿಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತರಬೇತಿ ಪಡೆದ ಸರ್ಕಾರಿ ಆರೋಗ್ಯ ಕಾರ್ಯಕರ್ತರು ಮನೆಗೇ ಹೋಗಿ ಬಿಪಿ ನೋಡಿ, ಮಾತಾಡಿ ಬರುತ್ತಿದ್ದರು. ಎರಡು ವರ್ಷದಲ್ಲಿ ಮೇಲಿನ ಬಿಪಿ, ಮಾಮೂಲಿ ಚಿಕಿತ್ಸೆಯವರಿಗಿಂತ ಸುಮಾರು 5 ಪಾಯಿಂಟ್ ಜಾಸ್ತಿ ಇಳಿಯಿತು. ಐದು ಅಂದರೆ ಸಣ್ಣದು ಅನ್ನಿಸಬಹುದು. 10 ಪಾಯಿಂಟ್ ಇಳಿದರೆ ಪಾರ್ಶ್ವವಾಯು ಕಾಲು ಭಾಗಕ್ಕೂ ಹೆಚ್ಚು ತಗ್ಗುತ್ತದೆ ಅನ್ನುವುದು ಜಗತ್ತಿನ ಅನೇಕ ಅಧ್ಯಯನಗಳನ್ನು ಕೂಡಿಸಿ ಹಾಕಿದ ಲೆಕ್ಕ.

ಇದಕ್ಕೆ ಎದುರಾದ ಒಂದು ಫಲಿತಾಂಶವನ್ನೂ ಹೇಳಬೇಕು. ಅದು ನಮ್ಮ ರಾಜ್ಯದ್ದೇ. ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂವೆಲ್‌ಕೇರ್ ಅನ್ನುವ ಪ್ರಯೋಗ ನಡೆಯಿತು. ಅರ್ಧ ಕೇಂದ್ರಗಳಲ್ಲಿ ನರ್ಸ್ ಕೈಗೆ ಟ್ಯಾಬ್ಲೆಟ್, ಅದರಲ್ಲಿ ಚಿಕಿತ್ಸೆಗೆ ದಾರಿ ತೋರಿಸುವ ತಂತ್ರಾಂಶ. ಉಳಿದ ಅರ್ಧದಲ್ಲಿ ಸಿಬ್ಬಂದಿಗೆ ತರಬೇತಿ ಮತ್ತು ಗೋಡೆಗೆ ಅಂಟಿಸಿದ ಚಾರ್ಟು. 2019ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಕಡೆ ಬಿಪಿ ಇಳಿದಿತ್ತು. ಟ್ಯಾಬ್ಲೆಟ್ ಇದ್ದ ಕಡೆ ಹೆಚ್ಚೇನೂ ಇಳಿದಿರಲಿಲ್ಲ. ಕೆಲವರು ಇದನ್ನು ಸೋಲು ಅಂತ ಓದುತ್ತಾರೆ. ನಾನು ಓದುವುದು ಬೇರೆ ಥರ. ಜನ ಮತ್ತು ತರಬೇತಿ ಇದ್ದರೆ ಕೆಲಸ ಆಗುತ್ತದೆ, ಮೇಲೊಂದು ಪರದೆ ಇಟ್ಟರೆ ಅದು ಎರಡರಷ್ಟಾಗುವುದಿಲ್ಲ.

ಆದರೆ ನಾವು ಹೊರಟಿರುವ ದಾರಿ ಪರದೆಯದ್ದೇ. ಸಿಎಚ್‌ಒ ಒಬ್ಬರ ದಿನ ಹೇಗಿರುತ್ತದೆ ಅಂದರೆ, ಬಿಪಿ ನೋಡಲು ಮೂರು ನಿಮಿಷ, ಅದನ್ನು ಇಲಾಖೆಯ ಆನ್‌ಲೈನ್ ಪೋರ್ಟಲ್‌ಗೆ ಏರಿಸಲು ಅದಕ್ಕಿಂತ ಜಾಸ್ತಿ. ನೆಟ್‌ವರ್ಕ್ ಸಿಗದ ಮಲೆನಾಡಿನ ಊರಲ್ಲಿ ಪುಸ್ತಕದಲ್ಲಿ ಬರೆದುಕೊಂಡು ಸಂಜೆ ಮನೆಗೆ ಹೋಗಿ ಏರಿಸಬೇಕು. ಇಷ್ಟು ತಲೆ ತಪಾಸಣೆ ಆಗಬೇಕು ಅಂತ ಗುರಿ. ಗುರಿ ಮುಟ್ಟುವ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಆ ಐದು ನಿಮಿಷದ ವಿಶ್ರಾಂತಿ, ಎರಡನೇ ಅಳತೆ, ಉಪ್ಪಿನ ಮಾತು. ಇವರ ಕೆಲಸವೋ ಗುತ್ತಿಗೆಯದು. ಸಂಬಳ, ಕಾಯಮಾತಿಯ ಚಿಂತೆ ತಲೆಯಲ್ಲಿ. ಊರಿನ ಅಡುಗೆಮನೆ, ಕೊಟ್ಟಿಗೆ ಎಲ್ಲಾ ಗೊತ್ತಾಗುವ ಹೊತ್ತಿಗೆ ಬೇರೆ ಕಡೆ ಹೋಗಿರುತ್ತಾರೆ. ಹತ್ತು ವರ್ಷದ ಕೆಲಸಕ್ಕೆ ವರ್ಷದ ಕರಾರಿನವರನ್ನು ಇಟ್ಟರೆ ಇನ್ನೇನಾಗುತ್ತದೆ?

ನರ್ಸ್‌ಗಳೇ ಮಾತ್ರೆ ಬರೆಯಲಿ ಅಂತ ನಾನು ಹೇಳುತ್ತಿಲ್ಲ. ಅದು ಡಾಕ್ಟರ ಕೆಲಸ, ಹಾಗೇ ಇರಲಿ. ಆದರೆ ಡಾಕ್ಟರ್ ಬರೆದ ಮಾತ್ರೆಯನ್ನು ತಿಂಗಳು ತಿಂಗಳು ಊರಿನ ಆರೋಗ್ಯ ಮಂದಿರದಲ್ಲೇ ಕೊಡಲು ಅವಕಾಶ ಇದೆ. ಅಲ್ಲಿ ಮಾತ್ರೆಯ ಡಬ್ಬಿ ಖಾಲಿ ಇರಬಾರದು ಅಷ್ಟೇ. ಆಲೂರಿನ ಮೂಲೆಯ ಹಳ್ಳಿಯಿಂದ ಬಸ್ಸಿಗೆ ಕಾದು ತಾಲೂಕು ಆಸ್ಪತ್ರೆಗೆ ಹೋಗಿ, ಮೂವತ್ತು ಮಾತ್ರೆ ತಂದು, ಒಂದು ದಿನದ ಕೂಲಿ ಕಳೆದುಕೊಂಡವರು ಮುಂದಿನ ತಿಂಗಳು ಹೋಗದಿದ್ದರೆ ಅವರನ್ನು ಬೈಯುವ ಹಾಗಿಲ್ಲ. ಒಮ್ಮೆ ಊರಿಗೆ ಬಂದ ಮಾತ್ರೆ ಎರಡು ಸಲ ಸಿಗದೆ ಹೋದರೂ ಜನ ಸಿಸ್ಟರ್ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ, ಉಗ್ರಾಣದವರ ಮೇಲಲ್ಲ.

ಜಿಲ್ಲಾ ಪಂಚಾಯತಿಯಲ್ಲಿ ಆರೋಗ್ಯ ಇಲಾಖೆಯ ಪ್ರಗತಿ ಪರಿಶೀಲನೆ ನಡೆಯುತ್ತದಲ್ಲ, ಅಲ್ಲಿ "ಎಷ್ಟು ಜನರ ಬಿಪಿ ನೋಡಿದ್ರಿ?" ಅನ್ನುವುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಲಿ. ಹೋದ ತಿಂಗಳು ಮಾತ್ರೆಗೆ ಬರದೆ ಉಳಿದವರು ಎಷ್ಟು, ಅವರಲ್ಲಿ ಈ ತಿಂಗಳು ವಾಪಸ್ ಬಂದವರು ಎಷ್ಟು? 130 ದಾಟಿ 140 ಮುಟ್ಟದವರಲ್ಲಿ ಆರು ತಿಂಗಳ ಮೇಲೆ ಮತ್ತೆ ಬಿಪಿ ನೋಡಿಸಿಕೊಂಡವರು ಎಷ್ಟು? ಈ ಲೆಕ್ಕ ಕೊಡಬೇಕು ಅಂದರೆ ಸಿಸ್ಟರ್ ಪೋರ್ಟಲ್ ಬಿಟ್ಟು ಊರೊಳಗೆ ಹೋಗಲೇಬೇಕು. ಹೋಗಲು ಅವರಿಗೆ ಹೊತ್ತು ಕೊಡಲೇಬೇಕಾಗುತ್ತದೆ.